'ಮತ್ತಿತರರು' ಅಂದರೆ ಯಾರು?

ಶಿರಸಿ ಕಡೆಯ ಓದುಗರೊಬ್ಬರು ಮೂರು ಪುಟದ ಕಾಗದ ಬರೆದಿದ್ದಾರೆ. ಅದರ ತಿರುಳು ಇಷ್ಟು: 'ನಿಮ್ಮ ಪತ್ರಿಕೆಯಲ್ಲಿ ಪ್ರತಿ ಸಲ ಎರಡು ಪುಟ ನಾಟಕ, ಯಕ್ಷಗಾನ, ಸಂಗೀತದ ವಿಮರ್ಶೆಗೆ ಹೋಗುತ್ತದೆ. ಮುಗಿದುಹೋದ ಕಾರ್ಯಕ್ರಮದ ಬಗ್ಗೆ ಓದಿ ನನಗೇನಾಗಬೇಕು? ಈಗ ಯಕ್ಷಗಾನದ ಆಟಗಳೆಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತವೆ. ಹೋದ ವಾರ ರಾತ್ರಿ ಎರಡು ಗಂಟೆಯವರೆಗೆ ಮನೆಯಲ್ಲೇ ಕೂತು ಒಂದು ಆಟ ನೋಡಿದೆ. ಚೆಂಡೆಯವರ ಕೈ ಇನ್ನೂ ಕಿವಿಯಲ್ಲಿದೆ. ಕಲಾವಿದರಿಗೆ ಇನ್ನು ಪತ್ರಿಕೆಗಳ ಹಂಗು ಬೇಡ. ಹಾಗೆ ನೋಡಿದರೆ ಕಲೆಯನ್ನು ಕೆಡಿಸಿದ್ದೇ ಮಾಧ್ಯಮ.'

ಸಂಪಾದಕರ ಉತ್ತರ:

ಮೊದಲು ಸಂತೋಷದ ಮಾತು. ಆಟ ನೋಡಿದ ಮೇಲೆ ಚೆಂಡೆ ಕಿವಿಯಲ್ಲಿ ಉಳಿಯಿತು ಅಂತ ಬರೆಯುವವರು ಕಡಿಮೆ. ವೇಷ ನೋಡಿ ಎದ್ದು ಬರುವವರೇ ಜಾಸ್ತಿ. ನಿಮಗೆ ಒಳ್ಳೆಯ ಕಿವಿ ಇದೆ. ಅದಕ್ಕೇ ನಿಮ್ಮ ಹತ್ತಿರ ಸ್ವಲ್ಪ ಜಗಳ ಆಡಬೇಕು ಅನಿಸಿತು.

ಮಾಧ್ಯಮ ಕಲೆಯನ್ನು ಕೆಡಿಸಿತು ಅನ್ನುತ್ತೀರಿ. ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. 1940ರಲ್ಲಿ ರೇಡಿಯೊದವರು ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಅದನ್ನು ಹೊರಗಿಟ್ಟರು. ಸುಮಾರು ಮೂರು ದಶಕ ಆ ವಾದ್ಯಕ್ಕೆ ಅಲ್ಲಿ ಬಾಗಿಲು ಮುಚ್ಚಿತ್ತು. ಕಾಲುಪೆಟ್ಟಿಗೆಯ, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂನ ಸ್ವರ ಹಿಡಿದೇ ಕಂಪನಿ ನಾಟಕ ಬೆಳೆದ ನಾಡು ನಮ್ಮದು. ಅದನ್ನು ನುಡಿಸಿಯೇ ಹೊಟ್ಟೆ ಹೊರೆದವರಿಗೆ ಹೇಗಾಗಿರಬೇಕು!

ಆದರೆ ಗದಗಿನ ಆ ಹುಡುಗನನ್ನು ಮರೆಯಬೇಡಿ. ಅಂಗಡಿಯೊಂದರಲ್ಲಿ ಹಾಕಿದ್ದ ಗ್ರಾಮಫೋನ್ ಪ್ಲೇಟಿನಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ. ಪ್ಲೇಟಿನ ಒಂದು ಬದಿ ಅಂದರೆ ಮೂರು ಮೂರೂವರೆ ನಿಮಿಷ, ಅಷ್ಟೇ. ಹನ್ನೊಂದರ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಗ್ವಾಲಿಯರ್, ಕಲ್ಕತ್ತ, ಜಲಂಧರ್ ಅಂತ ಅಲೆದು, ಕೊನೆಗೆ ಮನೆಯ ಹತ್ತಿರದ ಕುಂದಗೋಳಕ್ಕೇ ಬಂದು ಸವಾಯಿ ಗಂಧರ್ವರ ಮುಂದೆ ಕೂತ. ಸವಾಯಿ ಗಂಧರ್ವರು ಆ ಕರೀಂ ಖಾನರ ಶಿಷ್ಯರೇ. ಭೀಮಸೇನ ಜೋಶಿಯವರನ್ನು ಹಾಡಿನ ದಾರಿಗೆ ಎಳೆದದ್ದು ಒಂದು ಪ್ಲೇಟು. ಅದೂ ಮಾಧ್ಯಮವೇ ಅಲ್ವಾ?

ಪ್ಲೇಟಿನ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಧ್ವನಿಮುದ್ರಿಸಿದರು. ಹಾಡು ಮುಗಿದ ಕೂಡಲೇ ಆಕೆ ಗಟ್ಟಿಯಾಗಿ 'ಮೈ ನೇಮ್ ಈಸ್ ಗೌಹರ್ ಜಾನ್' ಅನ್ನುತ್ತಾರೆ. ಪ್ಲೇಟು ತಯಾರಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಯಾರು ಹಾಡಿದ್ದು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಆಕೆ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದರು. 1930ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಇವತ್ತಿಗೂ ಆ ಹಾಡು ಹಾಕಿದರೆ ಕೊನೆಯಲ್ಲಿ ಹೆಸರು ಕೇಳುತ್ತದೆ.

ರೇಡಿಯೊ ಕೂಡ ಈ ಮರ್ಯಾದೆ ಉಳಿಸಿಕೊಂಡಿತು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. 1950ರಲ್ಲಿ ಧಾರವಾಡಕ್ಕೆ ಕೇಂದ್ರ ಬಂತು. ಮಲ್ಲಿಕಾರ್ಜುನ ಮನ್ಸೂರರಂಥವರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ರಾತ್ರಿಯ ಕಛೇರಿ ತಪ್ಪುತ್ತಿರಲಿಲ್ಲ. ಹಾಡಿದವರ ಹೆಸರು ಹೇಳಿ ಉದ್ಘೋಷಕರು ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ತಬಲಾದಲ್ಲಿ ಇಂಥವರು, ಪಿಟೀಲಿನಲ್ಲಿ ಇಂಥವರು, ತಂಬೂರದಲ್ಲಿ ಇಂಥವರು ಅಂತ ಹೇಳುತ್ತಿದ್ದರು. ಯಾವತ್ತೂ ಮುಖ ನೋಡದ ಎಷ್ಟೋ ಪಕ್ಕವಾದ್ಯದವರ ಹೆಸರು ನಮ್ಮಮ್ಮನಿಗೆ ಬಾಯಿಪಾಠ ಆಗಿತ್ತು.

ಈಗ ನನ್ನ ದೂರಿಗೆ ಬರುತ್ತೇನೆ. ದೂರು ಇರುವುದು ನಮ್ಮ ಪತ್ರಿಕೆಯವರ ಮೇಲೇ.

ನಾನು ಹೊಸ ವರದಿಗಾರನಾಗಿದ್ದಾಗ ಒಂದು ಹಳ್ಳಿಗೆ ದೊಡ್ಡಾಟ ನೋಡಲು ಹೋಗಿದ್ದೆ. ಬೆಳಗಾಗುವ ತನಕ ಕೂತೆ. ಅಲ್ಲಿ ಒಬ್ಬ ಹಿರಿಯರು ಬಂದು ಕುಣಿದರು. ವಯಸ್ಸು 60 ದಾಟಿತ್ತು. ಭುಜಕೀರ್ತಿ, ಕಿರೀಟ ಎಲ್ಲ ಹೊತ್ತುಕೊಂಡು ಅವರು ಹೆಜ್ಜೆ ಹಾಕಿದರೆ ಹಲಗೆಯ ರಂಗ ನಡುಗುತ್ತಿತ್ತು. ಬಸ್ಸಿನಲ್ಲೇ ಕೂತು ಎರಡು ಕಾಲಂ ಬರೆದೆ. ಮರುದಿನ ಪತ್ರಿಕೆ ಬಿಡಿಸಿದರೆ ಉಳಿದದ್ದು ಆರು ಸಾಲು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಸ್ವಾಗತಿಸಿದವರು, ವಂದಿಸಿದವರು. ಕೊನೆಗೆ 'ನಂತರ ದೊಡ್ಡಾಟ ಪ್ರದರ್ಶನ ನಡೆಯಿತು.' ಡೆಸ್ಕಿನ ಹಿರಿಯರನ್ನು ಕೇಳಿದೆ. 'ಜಾಗ ಇರಲಿಲ್ಲಪ್ಪಾ' ಅಂದರು. ಎಂಟು ಗಣ್ಯರ ಹೆಸರಿಗೆ ಜಾಗ ಇತ್ತು. ರಾತ್ರಿಯಿಡೀ ಕುಣಿದವರ ಒಂದು ಹೆಸರಿಗೆ ಇರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅದೇ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕಿತ್ತು. ಇಷ್ಟು ವರ್ಷ ಕಲೆಯಲ್ಲೇ ಇದ್ದೆ ಅನ್ನುವುದಕ್ಕೆ ದಾಖಲೆ ಕೇಳಿದ್ದರು. ಬಣ್ಣದ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಅದರಲ್ಲಿ ಹತ್ತು ಹನ್ನೆರಡು ಪೇಪರ್ ಕಟಿಂಗ್. ಮಡಚಿ ಮಡಚಿ ಹರಿಯುವ ಹಾಗಾಗಿದ್ದವು. ನಾನು ಒಂದೊಂದೇ ಓದಿದೆ. ಯಾವುದರಲ್ಲೂ ಅವರ ಹೆಸರಿಲ್ಲ. ಅವರಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಒಂದು ಕಟಿಂಗಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು 'ಇದ ನಾನ್ರೀ ಸರ' ಅಂದರು. ಯಾರೋ ಓದಿ ಹೇಳಿದ್ದರಂತೆ. ಅಲ್ಲಿ ಇದ್ದ ಪದ 'ಮತ್ತಿತರರು'.

ಆ ದಿನದಿಂದ ನನಗೆ ಆ ಪದ ಕಂಡರೆ ಆಗುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಕಲೆಯ ಬರಹಗಳಿಗೆ ಅದು ನಿಷಿದ್ಧ. ಮದ್ದಳೆಯವರ ಹೆಸರು ಗೊತ್ತಿಲ್ಲದಿದ್ದರೆ ವೇಷ ಕಟ್ಟುವ ಚೌಕಿಗೆ ಹೋಗಿ ಕೇಳಿಕೊಂಡು ಬನ್ನಿ ಅಂತ ನಮ್ಮ ಹುಡುಗರಿಗೆ ಹೇಳುತ್ತೇನೆ. ನೀವು ದಂಡ ಅನ್ನುವ ಆ ಎರಡು ಪುಟ ಇರುವುದು ಇದಕ್ಕೆ.

ಕಲೆಗೆ ಪ್ರಚಾರ ಕೊಡುವುದಕ್ಕಿಂತ ಕೂತು ನೋಡುವುದು ಮುಖ್ಯ ಅಂತ ನಾನು ನಂಬಿದ್ದೇನೆ. ತಮಿಳಿನಲ್ಲಿ ಕಲ್ಕಿ ಕೃಷ್ಣಮೂರ್ತಿಯವರು 'ಆನಂದ ವಿಕಟನ್' ವಾರಪತ್ರಿಕೆಯಲ್ಲಿ ಕಛೇರಿಗಳ ಬಗ್ಗೆ ಬರೆಯುತ್ತಿದ್ದರು. ಆ ಬರಹಗಳಿಗೆ ಅವರು ಇಟ್ಟುಕೊಂಡ ಕಾವ್ಯನಾಮ 'ಕರ್ನಾಟಕಂ'. ನಮ್ಮಲ್ಲಿ ಬಿ.ವಿ.ಕೆ. ಶಾಸ್ತ್ರಿಯವರು ಸಂಗೀತ, ಚಿತ್ರಕಲೆ ಎರಡನ್ನೂ ಬಲ್ಲವರಾಗಿ ಬರೆದರು. ಇಂಥವರು ಒಂದು ರಾಗ ಎಲ್ಲಿ ಮೇಲೆದ್ದಿತು, ಎಲ್ಲಿ ಸೋತಿತು ಅಂತ ಹೇಳುತ್ತಿದ್ದರು. ಕಲಾವಿದ ಸಿಟ್ಟಾಗುತ್ತಿದ್ದ, ಆದರೆ ತನ್ನನ್ನು ಒಬ್ಬರು ಕೊನೆಯ ತನಕ ಕೇಳಿದ್ದಾರೆ ಅಂತ ಅವನಿಗೆ ಗೊತ್ತಿರುತ್ತಿತ್ತು. ಇವತ್ತು ದೀಪ ಹಚ್ಚುವ ಫೋಟೊ ಸಿಕ್ಕಿದ ಕೂಡಲೇ ಕ್ಯಾಮೆರಾ ಹೊರಟುಹೋಗುತ್ತದೆ. ವರದಿಗಾರರಿಗೆ ಪ್ರಕಟಣೆಯ ಪ್ರತಿ ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ಟಿವಿಯವರಿಗೆ ಕಲಾವಿದ ನೆನಪಾಗುವುದು ಪ್ರಶಸ್ತಿ ಬಂದಾಗ, ಇಲ್ಲ ಸತ್ತಾಗ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನಕ್ಕೆ ಅದು ಮೊದಲ ಪದ್ಮಶ್ರೀ. ಆಗ ಅವರಿಗೆ ಎಂಬತ್ತರ ಹತ್ತಿರ. ಅವರ ಭಸ್ಮಾಸುರ, ಕೀಚಕ ಕಳೆಗಟ್ಟಿದ್ದ ದಿನಗಳಲ್ಲಿ ಎಷ್ಟು ಕ್ಯಾಮೆರಾಗಳು ಗದ್ದೆ ಬಯಲಿಗೆ ಹೋಗಿದ್ದವು?

ಯೂಟ್ಯೂಬಿನ ಮೇಲೆ ನನಗೆ ಕೋಪವಿಲ್ಲ. ದುಬೈಯಲ್ಲಿರುವ ಕುಂದಾಪುರದ ಹುಡುಗ ಊರಿನ ಆಟ ನೋಡುತ್ತಾನೆ ಅಂದರೆ ಸಣ್ಣ ಮಾತಲ್ಲ. ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರು 1990ರಲ್ಲಿ ಮೂವತ್ತರ ಆಸುಪಾಸಿನಲ್ಲೇ ಅಪಘಾತದಲ್ಲಿ ಹೋದರು. ಅವರ ದನಿ ಉಳಿದದ್ದು ಕ್ಯಾಸೆಟ್ಟಿನಲ್ಲಿ. ಆಮೇಲೆ ಹುಟ್ಟಿದ ಹುಡುಗರೂ ಅವರ ಪದ್ಯ ಕೇಳಿ ತಲೆದೂಗುತ್ತಾರೆ. ಆದರೆ ಈಗ ಮೊಬೈಲಿಗೆ ಬರುವ ತುಣುಕುಗಳನ್ನು ನೋಡಿ. ಅರ್ಧ ನಿಮಿಷದ ಚೆಂಡೆ, ಮೇಲೆ 'ಸೂಪರ್' ಅಂತ ಒಂದು ಸಾಲು. ಬಾರಿಸಿದವರು ಯಾರು, ಯಾವ ಮೇಳ, ಯಾವ ಪ್ರಸಂಗ, ಒಂದೂ ಇರುವುದಿಲ್ಲ. ಪತ್ರಿಕೆಯ 'ಮತ್ತಿತರರು' ಇಲ್ಲಿಗೂ ಬಂದು ಕೂತಿದೆ.

ನಿಮ್ಮ ಕಾಗದವನ್ನು ನಾನು ಮೂರು ಸಲ ಓದಿದೆ. ಪ್ರಸಂಗದ ಹೆಸರಿದೆ. ಮುಖ್ಯ ವೇಷಧಾರಿಯ ಹೆಸರಿದೆ. ನಿಮ್ಮನ್ನು ಎರಡು ಗಂಟೆಯವರೆಗೆ ಎಬ್ಬಿಸಿ ಕೂರಿಸಿದ ಆ ಚೆಂಡೆಯವರ ಹೆಸರಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ವಿಡಿಯೊ ಹಾಕಿದವರೇ ಬರೆದಿರಲಿಕ್ಕಿಲ್ಲ. ಆ ಮೇಳದವರನ್ನು ವಿಚಾರಿಸಿ ತಿಳಿದುಕೊಂಡು ನಮಗೊಂದು ಕಾರ್ಡು ಹಾಕಿ. ಅವರು ಯಾವ ಪದ್ಯಕ್ಕೆ ಹೇಗೆ ಬಾರಿಸಿದರು ಅಂತ ನಾಲ್ಕು ಸಾಲು ನೀವೇ ಬರೆಯಿರಿ. ಮುಂದಿನ ಸಂಚಿಕೆಯ ಆ ಎರಡು ಪುಟದಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ.