ಕಾಕಾನ ಹಳೆ ಗಾಡಿ: ಟ್ಯಾಂಕ್ ಜಾವಾ, ಎಂಜಿನ್ ಯೆಜ್ಡಿ. ಎಷ್ಟಕ್ಕೆ ಮಾರಬಹುದು?

ತೀರಿಹೋದ ಕಾಕಾ ಅವರ ಬೈಕ್ ಬಾಗಲಕೋಟೆಯ ಮನೆಯಲ್ಲಿ ನಿಂತಿದೆ, ಟ್ಯಾಂಕ್ ಮೇಲೆ ಜಾವಾ ಅಂತಿದೆ, ಎಂಜಿನ್ ಮೇಲೆ ಯೆಜ್ಡಿ ಅಂತಿದೆ, ಸೈಲೆನ್ಸರ್ ಒಂದೇ, ಹ್ಯಾಂಡಲ್ ಎತ್ತರದ್ದು ಅಂತ ಬರೆದಿದ್ದೀರಿ. ಪೇಂಟ್ ಮಾಡಿಸಿ ಮಾರಲೇ ಅಂತಲೂ ಕೇಳಿದ್ದೀರಿ.

ದಯವಿಟ್ಟು ಪೇಂಟ್ ಮಾಡಿಸಬೇಡಿ. ಧೂಳು ತೊಳೆಯಿರಿ, ಅಷ್ಟು ಸಾಕು.

ನಾನು ಬೆಳಗಾವಿಯವನು. ಅಪ್ಪನ ಯೆಜ್ಡಿ ಮಾರುವಾಗ ಚೆಂದ ಕಾಣಲಿ ಅಂತ ಪೇಂಟ್ ಮಾಡಿಸಿದೆ. ಕೊಲ್ಲಾಪುರದಿಂದ ಒಬ್ಬರು ನೋಡಲು ಬಂದರು. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ತೆಳು ಕಾಗದ ತೆಗೆದು, ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆಗೆ ಒತ್ತಿ ಹಿಡಿದು, ಪೆನ್ಸಿಲ್ ಅಡ್ಡ ಮಾಡಿ ಉಜ್ಜಿದರು. ಚಾಸಿ ನಂಬರಿನ ಕೊನೆಯ ಎರಡು ಅಂಕಿ ಮೂಡಲೇ ಇಲ್ಲ. ಪೇಂಟರ್ ಪುಟ್ಟಿ ಹಾಕಿ ಮುಚ್ಚಿಬಿಟ್ಟಿದ್ದ. ಅವರು ಕಾಗದ ಮಡಚಿಟ್ಟು, ಚಹಾ ಕುಡಿದು ಹೋದರು. ಆಮೇಲೆ ತುಂಬಾ ಕಡಿಮೆ ಬೆಲೆಗೆ ಕೊಡಬೇಕಾಯಿತು. ಅಪ್ಪ ಅಷ್ಟು ಜೋಪಾನ ಮಾಡಿದ್ದ ಗಾಡಿ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಆದ್ದರಿಂದ ಮೊದಲು ಆ ಪೆನ್ಸಿಲ್ ಕೆಲಸ ನೀವೇ ಮಾಡಿ. ಬಣ್ಣ ಅಡ್ಡ ಬಂದರೆ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎಮರಿ ಪೇಪರ್, ಗ್ರೈಂಡರ್ ಬೇಡವೇ ಬೇಡ. ಅಂಕಿ ಸವೆದರೆ ಕದ್ದ ಗಾಡಿ ಅಂತ ಅನುಮಾನ ಬರುತ್ತದೆ. ಎಂಜಿನ್ ನಂಬರನ್ನೂ ಹಾಗೇ ಕಾಗದದ ಮೇಲೆ ಮೂಡಿಸಿ, ಎರಡನ್ನೂ ಆರ್‌ಸಿ ಪಕ್ಕ ಇಟ್ಟು ನೋಡಿ. ನಿಮ್ಮದು ಯಾವ ಗಾಡಿ ಅಂತ ಹೇಳುವುದು ಟ್ಯಾಂಕ್ ಅಲ್ಲ, ಆ ಚಾಸಿ ನಂಬರ್ ಮತ್ತು ಆರ್‌ಸಿಯಲ್ಲಿರುವ ವರ್ಷ.

ಆ ಕಾಲದ ಜಾವಾ, ಯೆಜ್ಡಿ ಎರಡೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವೇ. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರ್ ಮತ್ತು ಗೇರ್‌ಗೆ ಒಂದೇ ಲಿವರ್, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ಅವುಗಳ ಗುರುತು. ಯೆಜ್ಡಿಗೆ ಜಾವಾ ಟ್ಯಾಂಕ್ ಕೂರಿಸುವುದು ಹೊಸದೇನಲ್ಲ. ಆರ್‌ಸಿಯಲ್ಲಿ 1980ರ ನಂತರದ ವರ್ಷ ಇದ್ದರೆ ಅದು ಯೆಜ್ಡಿಯೇ, ಜಾವಾ ಅಂತ ಮಾರಬೇಡಿ. ಗೊತ್ತಿರುವ ಗಿರಾಕಿ ಒಂದೇ ನೋಟಕ್ಕೆ ಹಿಡಿಯುತ್ತಾನೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಇನ್ನು ಬೆಲೆ. ಸೈಲೆನ್ಸರ್ ಒಂದೇ, ಹ್ಯಾಂಡಲ್ ಎತ್ತರದ್ದು ಅಂದರೆ ಕಾಕಾ ಮೂಲ ಸಾಮಾನು ಬಿಚ್ಚಿಸಿರಬೇಕು, ಅದು ಎಲ್ಲಿದೆ ಹುಡುಕಿ. ಅಟ್ಟ, ಹಿತ್ತಲು, ಅವರ ಹಳೆ ಮಿಸ್ತ್ರಿಯ ಗ್ಯಾರೇಜ್, ಯಾವುದನ್ನೂ ಬಿಡಬೇಡಿ. ಎರಡನೇ ಸೈಲೆನ್ಸರ್, ಮೂಲ ಟ್ಯಾಂಕ್, ಹ್ಯಾಂಡಲ್, ಸ್ಪೀಡೋಮೀಟರ್, ಟೂಲ್ ಬಾಕ್ಸ್ ಮುಚ್ಚಳ ತುಕ್ಕು ಹಿಡಿದಿದ್ದರೂ ಎತ್ತಿಡಿ. ರಿಸ್ಟೋರ್ ಮಾಡುವವರಿಗೆ ಹೊಸ ಡೂಪ್ಲಿಕೇಟ್‌ಗಿಂತ ತುಕ್ಕು ಹಿಡಿದ ಒರಿಜಿನಲ್ಲೇ ಜಾಸ್ತಿ ಇಷ್ಟ. ಹಾಗಂತ ನೀವೇ ವಾಪಸ್ ಜೋಡಿಸಲು ದುಡ್ಡು ಹಾಕಬೇಡಿ, ಅದು ಪೂರ್ತಿ ತಿರುಗಿ ಬರುವುದಿಲ್ಲ. ಅದೇ ಮಾಡೆಲ್‌ನ ಪೂರ್ತಿ ಒರಿಜಿನಲ್ ಗಾಡಿ ನಿಜವಾಗಿ ಎಷ್ಟಕ್ಕೆ ಕೈ ಬದಲಾಯಿತು ಅಂತ ಎರಡು ಮೂರು ಕಡೆ ವಿಚಾರಿಸಿ. ಮಾರುವವರು ಹೇಳುವ ರೇಟ್ ಬೇರೆ, ಕೈಗೆ ಬರುವ ರೇಟ್ ಬೇರೆ ಅಲ್ವಾ? ಕೈಗೆ ಬಂದ ಮೊತ್ತದಲ್ಲಿ ನಿಮ್ಮ ಗಾಡಿಗೆ ಇಲ್ಲದ ಸಾಮಾನಿನ ಬೆಲೆ ಮತ್ತು ಜೋಡಿಸುವ ಕೂಲಿ ಕಳೆಯಿರಿ. ಉಳಿದದ್ದೇ ನಿಮ್ಮ ಗಾಡಿಯ ಬೆಲೆ.

ಶುರು ಮಾಡಿ ತೋರಿಸುವುದಾದರೆ ಹಳೆ ಪೆಟ್ರೋಲ್ ಚೆಲ್ಲಿ, ಹೊಸದಕ್ಕೆ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್‌ನ ಎಣ್ಣೆ) ಬೆರೆಸಿಯೇ ಹಾಕಿ. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಜಾಹೀರಾತಿನಲ್ಲಿ ಸುಮ್ನೆ ವಿಂಟೇಜ್ ಅಂತ ಬರೆಯಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ ಮೊದಲು ಆರ್‌ಟಿಒದಲ್ಲಿ ಸರಿ ಮಾಡಿಸಿ.

ಕಾಕಾ ಹೆಸರಿನಲ್ಲೇ ಇದ್ದರೆ ಫಾರ್ಮ್ 31 ಕೊಟ್ಟು ವಾರಸುದಾರರಾದ ಕಾಕು ಅಥವಾ ಮಕ್ಕಳ ಹೆಸರಿಗೆ ಮಾಡಿಸಬೇಕು. ಆಮೇಲೆ ಮಾರಾಟಕ್ಕೆ ಫಾರ್ಮ್ 29 ಮತ್ತು 30. ನಮ್ಮ ಕಡೆ ಸಾಂಗ್ಲಿ, ಕೊಲ್ಲಾಪುರದ ಗಿರಾಕಿಗಳೂ ಬರುತ್ತಾರೆ, ಅವರು ಮಹಾರಾಷ್ಟ್ರಕ್ಕೆ ಒಯ್ಯುವುದಾದರೆ ಫಾರ್ಮ್ 28ರ ಎನ್‌ಒಸಿ ಬೇಕು. ಹೆಸರು ಬದಲಾಗುವ ತನಕ ಅಡ್ವಾನ್ಸ್ ಮಾತ್ರ ತಗೊಂಡು ಗಾಡಿ, ಬಿಚ್ಚಿಟ್ಟ ಸಾಮಾನು ಎರಡನ್ನೂ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.