ಮನೆಮಂದಿಯೆಲ್ಲ ಫ್ರೆಂಚ್ ಕಲಿಯುವಾಗ: ಪುಸ್ತಕ ಮುಚ್ಚಿದ್ದೇ ಒಳ್ಳೇದಾಯ್ತು

ಮೇಡಂ, ನಿಮ್ಮ ಪೋಸ್ಟ್ ಓದಿ ನಗು ತಡೆಯೋಕೆ ಆಗಲಿಲ್ಲ, ಕ್ಷಮಿಸಿ. ಹೋದ ವರ್ಷದ ನಮ್ಮನೆ ಕಥೆಯೇ ಇದು. ಮನೆಯವರೆಲ್ಲ ಒಟ್ಟಿಗೆ ಫ್ರೆಂಚ್ ಶುರು ಮಾಡಿದ ಮೂರು ತಿಂಗಳಿಗೇ ನಿಮ್ಮ ಎಂಟು ವರ್ಷದ ಮಗಳು ಮುಂದೆ ಓಡ್ತಿದ್ದಾಳೆ, ಯಜಮಾನರು ಬಾಯಿ ತೆರೆದರೆ ಕಿಸಕ್ಕಂತ ನಗ್ತಾಳೆ, ಅವರು ಮುನಿಸಿಕೊಂಡು ಪುಸ್ತಕ ಮುಚ್ಚಿಟ್ಟಿದ್ದಾರೆ, ಬೇರೆ ಬೇರೆ ಕಲಿಯೋದೇ ವಾಸಿಯಾ ಅಂತ ಕೇಳಿದ್ದೀರಿ. ವ್ಯಾಕರಣ ಅವರವರ ಪಾಡಿಗೆ ಕಲೀರಿ, ಉಚ್ಚಾರ ಮಾತ್ರ ಒಟ್ಟಿಗೆ. ಯಜಮಾನರು ಪುಸ್ತಕ ಮುಚ್ಚಿದ್ದು ಒಳ್ಳೇದೇ ಆಯ್ತು.

ಮಗಳು ಕೇಳಿದ್ದನ್ನು ಹೇಳ್ತಾಳೆ, ನಾವು ಓದಿದ್ದನ್ನು ಹೇಳ್ತೀವಿ. ಬರೆದ ಹಾಗೇ ಓದೋ ಲಿಪಿಯಲ್ಲಿ ಬೆಳೆದವರಿಗೆ ಕಣ್ಣೆದುರಿನ ಅಕ್ಷರ ನುಂಗೋಕೆ ಮನಸ್ಸೇ ಬರಲ್ಲ. ಫ್ರೆಂಚ್‌ನಲ್ಲಿ ‘ಅವನು ಮಾತಾಡ್ತಾನೆ’, ‘ಅವರು ಮಾತಾಡ್ತಾರೆ’ ಎರಡರ ಕಾಗುಣಿತ ಬೇರೆ, ಬಾಯಲ್ಲಿ ಮಾತ್ರ ಎರಡೂ ‘ಇಲ್ ಪಾರ್ಲ್’. ಬಹುವಚನದ ಬಾಲದಲ್ಲಿರೋ ಮೂರಕ್ಷರ ಬರೀ ಶೋಭೆಗೆ. ನಾನು ಎರಡು ತಿಂಗಳು ಅದನ್ನು ‘ಪಾರ್ಲೆಂಟ್’ ಅಂತ ನಿಷ್ಠೆಯಿಂದ ಓದಿದವನು.

ನಮ್ಮನೇಲಿ ಜಗಳ ನಿಲ್ಲಿಸಿದ್ದು ಒಂದು ಪೆನ್ನು. ‘ದಸ್ಯು’ ಅಂದರೆ ಮೇಲೆ, ‘ದಸೂ’ ಅಂದರೆ ಕೆಳಗೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಪೆನ್ನನ್ನು ಪುಸ್ತಕದ ಮೇಲೋ ಕೆಳಗೋ ಇಡಬೇಕು. ಉಚ್ಚಾರ ತಪ್ಪಿದರೆ ಪೆನ್ನೇ ತಪ್ಪು ಜಾಗಕ್ಕೆ ಹೋಗುತ್ತೆ, ಯಾರೂ ಯಾರನ್ನೂ ತಿದ್ದಬೇಕಿಲ್ಲ. ಮೊದಲನೇ ಪದದ ಕೊನೆಯ ಸ್ವರ ಕನ್ನಡದಲ್ಲಿಲ್ಲ, ‘ಸ್ಯು’ ಅಂತ ಬರೆದಿದ್ದು ಬರೀ ಗುರುತಿಗೆ. ‘ಈ’ ಅನ್ನುತ್ತಾ ನಾಲಿಗೆ ಅಲ್ಲಾಡಿಸದೆ ತುಟಿ ಮಾತ್ರ ‘ಊ’ಗೆ ಮಾಡೋ ಹಾಗೆ ದುಂಡಗೆ ಮಾಡಿ. ಕನ್ನಡಿ ಮುಂದೆ ಮಾಡಬೇಡಿ, ಕೆಲಸ ಮುಂದೆ ಹೋಗಲ್ಲ. ಇದು ಪಳಗಿದ ಮೇಲೆ ‘ಪ್ವಾಸೋಂ’ಗೆ ಹೋಗಿ. ಅದು ಮೀನು. ‘ಸ’ ಸ್ವಲ್ಪ ಗುಂಯ್‌ಗುಟ್ಟಿ ‘ಪ್ವಾಝೋಂ’ ಆದರೆ ವಿಷ. ನಾನು ಬಹಳ ದಿನ ಊಟಕ್ಕೆ ವಿಷವನ್ನೇ ಕೇಳ್ತಿದ್ದೆ, ಮಕ್ಕಳು ಸಂತೋಷವಾಗಿ ಬಡಿಸ್ತಿದ್ದರು.

ಎಣಿಸುವಾಗ 70 ದಾಟಿದ ಮೇಲೆ ಎಲ್ಲರೂ ಸುಸ್ತು ಅಂದಿದ್ದೀರಲ್ಲ, ಅದು ಹಾಗೇ. 70 ಅಂದರೆ ಅರವತ್ತು-ಹತ್ತು, 80 ಅಂದರೆ ನಾಲ್ಕು ಇಪ್ಪತ್ತು, 99 ಅಂದರೆ ನಾಲ್ಕು ಇಪ್ಪತ್ತು ಹತ್ತೊಂಬತ್ತು. ಮಜಾ ಇರೋದು ಫೋನ್ ನಂಬರಲ್ಲಿ. ಫ್ರಾನ್ಸ್‌ನಲ್ಲಿ ಹತ್ತಂಕಿಯನ್ನು ಎರಡೆರಡಾಗಿ ಹೇಳ್ತಾರೆ. ‘ಸ್ವಾಸಾಂತ್’ (ಅರವತ್ತು) ಕೇಳಿದ ತಕ್ಷಣ ನೀವು 6 ಬರೆದಿರ್ತೀರಿ, ಹಿಂದೆಯೇ ‘ದೂಝ್’ (ಹನ್ನೆರಡು) ಬರುತ್ತೆ, ಅಂದರೆ ಅದು 72, ಬರೆದದ್ದು ಹೊಡೆದುಹಾಕಿ. ಬಾಯಿಗೆ ಬಂದ ನಂಬರುಗಳನ್ನು ದಿನಾ ಐದು ಜೋಡಿ ಉಕ್ತಲೇಖನ ಕೊಡಿ, ಜೋಡಿ ಪೂರ್ತಿ ಕೇಳೋವರೆಗೂ ಪೆನ್ನು ಮುಟ್ಟಬಾರದು ಅನ್ನೋದೊಂದೇ ನಿಯಮ. ಬೆಲ್ಜಿಯಂ, ಸ್ವಿಟ್ಜರ್‌ಲೆಂಡ್‌ನಲ್ಲಿ 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಅಂತ ಸರಳ ಪದಗಳಿವೆ. ಇದನ್ನು ಮಗಳಿಗೆ ಹೇಳಬೇಡಿ, ನನ್ನ ಮಗ ಅವತ್ತಿಂದ ಬೇರೆ ಏನೂ ಒಪ್ತಿಲ್ಲ.

ಪದಗಳ ಲಿಂಗದ ವಿಷಯದಲ್ಲಿ ತರ್ಕ ಹುಡುಕಬೇಡಿ. ಮೀಸೆ, ಗಡ್ಡ ಎರಡೂ ಸ್ತ್ರೀಲಿಂಗ, ಇದಕ್ಕಿಂತ ಹೆಚ್ಚು ಹೇಳೋದು ಏನಿದೆ? ಪದವನ್ನು ಒಂಟಿಯಾಗಿ ಕಲೀಬೇಡಿ, ಅದಕ್ಕೆ ಮೊದಲು ಪುಲ್ಲಿಂಗದ ‘ಅಂ’ ಅಥವಾ ಸ್ತ್ರೀಲಿಂಗದ ‘ಯೂನ್’ (ಎರಡೂ ‘ಒಂದು’ ಅಂತಲೇ) ಅಂಟಿಸಿಯೇ ಕಲೀರಿ. ಇಂಗ್ಲಿಷ್‌ನ ‘ದ’ (the) ಥರದ ‘ಲ’, ‘ಲಾ’ ಸೇರಿಸಿದರೆ ಸ್ವರದಿಂದ ಶುರುವಾಗೋ ಪದಗಳಲ್ಲಿ ಲಿಂಗ ಮರೆಯಾಗುತ್ತೆ: ಶಾಲೆ ‘ಲೆಕೋಲ್’ ಅಂದರೆ ಏನೂ ತಿಳಿಯಲ್ಲ, ‘ಯೂನ್ ಎಕೋಲ್’ ಅಂದರೆ ಸ್ತ್ರೀಲಿಂಗ ಅಂತ ಕಿವಿಗೇ ಗೊತ್ತಾಗುತ್ತೆ. ಈ ‘ಲೆಕೋಲ್’ ನಮ್ಮ ಲೋಪಸಂಧಿಯ ಥರದ್ದೇ, ಊರು ಅಲ್ಲಿ ‘ಊರಲ್ಲಿ’ ಆದ ಹಾಗೆ. ಯಜಮಾನರಿಗೆ ಹೀಗೆ ಹೇಳಿ ನೋಡಿ, ವ್ಯಾಕರಣ ಇಷ್ಟಪಡೋರಿಗೆ ತಟ್ಟನೆ ಹಿಡಿಸುತ್ತೆ.

‘ತ್ಯು’, ‘ವೂ’ ಬಗ್ಗೆ ಚಿಂತೆ ಬೇಡ, ನೀನು-ನೀವು ಆಡಿ ಬೆಳೆದ ಮಕ್ಕಳಿಗೆ ಅದು ಪಾಠವೇ ಅಲ್ಲ. ಆದರೆ ಅಲ್ಲಿ ಮನೆಯವರಿಗೆಲ್ಲ ಸಾಮಾನ್ಯವಾಗಿ ‘ತ್ಯು’ ಅಂತಾರೆ. ನನ್ನ ಮಗ ಅಜ್ಜಿಗೂ ‘ತ್ಯು’ ಅಂದು, ಅರ್ಥವನ್ನೂ ತಾನೇ ವಿವರಿಸಿ ಬೈಸಿಕೊಂಡ.

ಒಟ್ಟಿಗೆ ಕೂರೋದು ದಿನಕ್ಕೆ ಹದಿನೈದು ನಿಮಿಷ ಸಾಕು, ಜಾಸ್ತಿ ಆದರೆ ಮತ್ತೆ ಮುನಿಸು. ಇವತ್ತು ಪೆನ್ನಿನ ಆಟದಿಂದ ಶುರು ಮಾಡಿ. ಹೇಳೋ ಸರದಿ ಮಗಳದ್ದು, ಪೆನ್ನು ಇಡೋದು ಯಜಮಾನರು.