ಐದು ಸಾವಿರ ರೂಪಾಯಿಯಲ್ಲಿ ಕೊಪ್ಪಳದಲ್ಲಿ ಕಾನೂನು ಪ್ರಕಾರ ಮದುವೆ ಆಗಬಹುದಾ?

ಆಗಬಹುದು, ದುಡ್ಡು ಉಳಿಯುತ್ತೆ ಕೂಡ. ವರನಿಗೆ 21, ವಧುವಿಗೆ 18 ತುಂಬಿರಬೇಕು. ಇಬ್ಬರೂ ಹಿಂದೂಗಳಾದರೆ ಹುಲಿಗೆಮ್ಮನ ಗುಡಿಯಲ್ಲೋ ಮನೆಯಲ್ಲೋ ನಿಮ್ಮ ಪದ್ಧತಿಯಂತೆ ಮದುವೆಯಾಗಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಶಾಸ್ತ್ರವೇ ಇಲ್ಲದೆ ಬರೀ ಸರ್ಟಿಫಿಕೇಟ್ ಮಾಡಿಸಿದರೆ ಅದು ಹಿಂದೂ ಮದುವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ; ತಾಳಿ ಕಟ್ಟುವ ಫೋಟೊ ಜೋಪಾನ.

ಶಾಸ್ತ್ರ ಬೇಡ, ಅಥವಾ ಧರ್ಮ ಬೇರೆ ಬೇರೆ ಎಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಒಬ್ಬರಾದರೂ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಮದುವೆಯಾಗುತ್ತೇವೆಂದು ಕಚೇರಿಗೆ ನೋಟಿಸ್ ಕೊಟ್ಟು ಮತ್ತೆ 30 ದಿನ ಕಾಯಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ (ಮನೆಯವರಿಗೆ ಹೇಳಿರದಿದ್ದರೆ ಮೊದಲೇ ಯೋಚಿಸಿ). ಮೂವರು ಸಾಕ್ಷಿಗಳು ಸಾಕು.

ಸರ್ಕಾರಿ ಶುಲ್ಕ ದೊಡ್ಡದೇನಲ್ಲ, ಜೇಬು ಖಾಲಿ ಮಾಡುವುದು ಮಧ್ಯವರ್ತಿಗಳು. ಸಾಕ್ಷಿಗೆ ಬಂದವರಿಗೆ ಮಂಡಾಳು ಒಗ್ಗರಣಿ, ಮಿರ್ಚಿ ತಿನ್ನಿಸಿದರೆ ಊಟದ ಖರ್ಚೂ ಮುಗೀತು.